ಹಿತ್ತಲಲ್ಲೊಂದು ಗಾಡಿ ಹುಟ್ಟುವಾಗ

ನೀವು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೀರಿ. ಹಿತ್ತಲಿನಿಂದಲೂ ಬಡಿಯುವ ಸದ್ದು ಕೇಳುತ್ತಿದೆ. ಟಣ್, ಟಣ್, ಟಣ್! ಮಗ ಗುಜರಿ ಅಂಗಡಿಯಿಂದ ಹೊತ್ತು ತಂದ ಹಳೆಯ ತಗಡು, ಯಾವುದೋ ಬೈಕಿನ ಎಂಜಿನ್, ಆಟೋರಿಕ್ಷಾದ ಗಾಲಿಗಳು ಅಲ್ಲಿ ಹರಡಿ ಬಿದ್ದಿವೆ. ಬಟ್ಟೆ ಒಣಹಾಕಲೂ ಜಾಗವಿಲ್ಲ. ಕೇಳಿದರೆ, “ಅಮ್ಮಿ, ಇದು ಗಾಡಿ ಆಗ್ತದೆ, ನೋಡ್ತಾ ಇರು” ಎನ್ನುತ್ತಾನೆ.

ನಿಮಗೆ ಸಿಟ್ಟು ಬರುತ್ತದೆ. ಓದುವ ಹೊತ್ತಿನಲ್ಲಿ ಇದೆಂತಹ ಹುಚ್ಚು? ಕೈಗೆ ಗಾಯ ಮಾಡಿಕೊಂಡರೆ? ಹಣ ಎಲ್ಲಿಂದ ಬಂತು? ಆದರೆ ಸಿಟ್ಟಿನ ಹಿಂದೆ ಒಂದು ಸಣ್ಣ ಹೆಮ್ಮೆಯೂ ಇರುತ್ತದೆ. ಮುರಿದ ಫ್ಯಾನು, ಕೆಟ್ಟ ಮಿಕ್ಸಿ, ನಿಂತ ಮೋಟಾರು ಎಲ್ಲವನ್ನೂ ಸರಿಮಾಡುವವನು ಅವನೇ ಅಲ್ಲವೇ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಈ ಊರುಗಳಲ್ಲಿ ಯಾವುದಕ್ಕೇ ಹೋಗಿ, ಬಸ್ ನಿಲ್ದಾಣದಿಂದ ಸ್ವಲ್ಪ ದೂರ ನಡೆದರೆ ಗ್ಯಾರೇಜುಗಳ ಸಾಲು ಸಿಗುತ್ತದೆ. ಒಬ್ಬ ವೆಲ್ಡಿಂಗ್ ಮಾಡುತ್ತಾನೆ, ಒಬ್ಬ ಡೆಂಟಿಂಗ್, ಒಬ್ಬ ಪೇಂಟಿಂಗ್, ಇನ್ನೊಬ್ಬ ಸೀಟಿನ ಕುಶನ್. ನಮ್ಮ ಎಷ್ಟೋ ಮನೆಗಳ ಒಲೆ ಉರಿಯುವುದು ಈ ಅಂಗಡಿಗಳ ಸಂಪಾದನೆಯಿಂದ. ಆದ್ದರಿಂದ ಹಿತ್ತಲಿನ ಆ ಸದ್ದನ್ನು ಕೇವಲ ಗದ್ದಲವೆಂದು ತಳ್ಳಿಹಾಕುವಂತಿಲ್ಲ. ಹಾಗೆಂದು ಕಣ್ಣುಮುಚ್ಚಿ ಬಿಟ್ಟುಬಿಡುವಂತೆಯೂ ಇಲ್ಲ. ಏನು ಮಾಡಬೇಕು? ಬನ್ನಿ, ಸ್ವಲ್ಪ ಯೋಚಿಸೋಣ.

ಸಾಂಗ್ಲಿಯ ಪುಟ್ಟ ಜೀಪು

ನಮ್ಮ ವಿಜಯಪುರ ಜಿಲ್ಲೆಗೆ ಹೊಂದಿಕೊಂಡೇ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಿದೆ. ಅಲ್ಲಿಯ ಕಡೇಗಾಂವ ತಾಲೂಕಿನ ದೇವರಾಷ್ಟ್ರೆ ಎಂಬ ಹಳ್ಳಿಯಲ್ಲಿ ದತ್ತಾತ್ರೇಯ ಲೋಹಾರ್ ಎಂಬ ಕಮ್ಮಾರರಿದ್ದಾರೆ. ಹೆಚ್ಚು ಓದಿದವರಲ್ಲ, ಎಂಜಿನಿಯರ್ ಅಲ್ಲ. ಮಗನಿಗೆ ಕಾರು ಬೇಕೆಂಬ ಆಸೆ. ಕೊಂಡುಕೊಡುವ ಶಕ್ತಿ ತಂದೆಗಿರಲಿಲ್ಲ. ಹಾಗಾಗಿ ತಾವೇ ಮಾಡಿದರು. ಹಳೆಯ ವಾಹನಗಳ ಬಿಡಿಭಾಗಗಳನ್ನು ಕೂಡಿಸಿ, ಕಬ್ಬಿಣ ಬಗ್ಗಿಸಿ, ತಗಡು ಬಡಿದು ಒಂದು ಪುಟ್ಟ ಜೀಪನ್ನು ನಿಲ್ಲಿಸಿದರು. ಖರ್ಚಾದದ್ದು ಸುಮಾರು 60 ಸಾವಿರ ರೂಪಾಯಿ. ಸ್ಟೇರಿಂಗ್ ಎಡಗಡೆಗಿತ್ತು. ಬೈಕಿಗೆ ಕಿಕ್ ಹೊಡೆಯುವಂತೆ ಕಾಲಿನಿಂದ ಒದ್ದರೆ ಅದು ಚಾಲೂ ಆಗುತ್ತಿತ್ತು!

2021ರ ಡಿಸೆಂಬರ್‌ನಲ್ಲಿ ಆ ಜೀಪಿನ ವೀಡಿಯೊ ದೇಶವೆಲ್ಲ ಓಡಾಡಿತು. ಮಹೀಂದ್ರಾ ಸಂಸ್ಥೆಯ ಅಧ್ಯಕ್ಷ ಆನಂದ್ ಮಹೀಂದ್ರಾ ಅದನ್ನು ನೋಡಿ ಮೆಚ್ಚಿಕೊಂಡರು. ಆದರೆ ಮೆಚ್ಚುಗೆಯ ಜೊತೆಗೆ ಒಂದು ಮಾತನ್ನೂ ಸ್ಪಷ್ಟವಾಗಿ ಹೇಳಿದರು. ಈ ವಾಹನ ನಿಯಮಗಳಿಗೆ ಹೊಂದುವುದಿಲ್ಲ, ಇಂದಲ್ಲ ನಾಳೆ ಅಧಿಕಾರಿಗಳು ಇದನ್ನು ರಸ್ತೆಯಲ್ಲಿ ತಡೆಯುತ್ತಾರೆ ಎಂಬುದೇ ಆ ಮಾತು. ಅದರ ಬದಲಿಗೆ ಒಂದು ಹೊಸ ಬೊಲೆರೊ ಕೊಡುವುದಾಗಿ ಅವರು ತಿಳಿಸಿದರು. 2022ರ ಜನವರಿಯಲ್ಲಿ ಆ ಕುಟುಂಬದ ಕೈಗೆ ಬೊಲೆರೊ ಬಂತು. ಕಮ್ಮಾರರ ಜೀಪು ಸಂಸ್ಥೆಯ ಸಂಗ್ರಹಕ್ಕೆ ಸೇರಿತು.

ಈ ಕತೆಯನ್ನು ನಾವು ಸಾಮಾನ್ಯವಾಗಿ ಒಂದೇ ಕಡೆಯಿಂದ ಹೇಳುತ್ತೇವೆ. ಬಡವನ ಕೌಶಲ, ದೊಡ್ಡ ಮನುಷ್ಯರ ಉಡುಗೊರೆ ಎಂದು. ಇನ್ನೊಂದು ಕಡೆಯೂ ಇದೆ. ಅಷ್ಟು ಹೊಗಳಿಕೆ ಬಂದ ಮೇಲೂ ಆ ಜೀಪು ರಸ್ತೆಯಲ್ಲಿ ಉಳಿಯಲಿಲ್ಲ. ಕೈಕೆಲಸಕ್ಕೆ ಪ್ರಶಸ್ತಿ ಸಿಕ್ಕಿತು, ವಾಹನಕ್ಕೆ ಪರವಾನಗಿ ಸಿಗಲಿಲ್ಲ. ಎಲ್ಲ ಹುಡುಗರಿಗೂ ಬೊಲೆರೊ ಸಿಗುವುದಿಲ್ಲವಲ್ಲ! ಹಾಗಾದರೆ ಉಳಿದ ಹುಡುಗರ ಕೌಶಲ ಎಲ್ಲಿಗೆ ಹೋಗಬೇಕು?

ಬೀದಿಯ ಹುಚ್ಚು ಅಂಗಳಕ್ಕೆ ಬಂದದ್ದು

ಹಳೆಯ ಗಾಡಿಯನ್ನು ಬಿಚ್ಚಿ, ಮನೆಯಲ್ಲೇ ತಗಡು ಬಡಿದು ಹೊಸ ರೂಪ ಕೊಡುವ ಈ ಹವ್ಯಾಸಕ್ಕೆ ಅಮೆರಿಕದಲ್ಲಿ ‘ಹಾಟ್ ರಾಡ್’ ಎಂಬ ಹೆಸರಿದೆ. 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಯುವಕರು ಅಗ್ಗಕ್ಕೆ ಸಿಗುತ್ತಿದ್ದ ಹಳೆಯ ಫೋರ್ಡ್ ಕಾರುಗಳನ್ನು ಕೊಂಡು, ಮಡ್‌ಗಾರ್ಡು ಕಿತ್ತು, ಛಾವಣಿ ಕತ್ತರಿಸಿ ತಗ್ಗಿಸಿ, ಎಂಜಿನ್ ಬಿಚ್ಚಿ ಶಕ್ತಿ ಹೆಚ್ಚಿಸುತ್ತಿದ್ದರು. ತೂಕ ಕಡಿಮೆಯಾದರೆ ವೇಗ ಹೆಚ್ಚುತ್ತದೆ ಎಂಬುದು ಅವರ ಲೆಕ್ಕ. ಬತ್ತಿದ ಸರೋವರಗಳ ಗಟ್ಟಿ ನೆಲವೇ ಅವರ ಓಟದ ಅಂಗಳ. ಎರಡನೇ ಮಹಾಯುದ್ಧ ಮುಗಿದು ಸೈನಿಕರು ಮನೆಗೆ ಮರಳಿದಾಗ ಈ ಹವ್ಯಾಸ ಇನ್ನೂ ಹಬ್ಬಿತು.

ಅಲ್ಲಿಯ ತಾಯಂದಿರಿಗೂ ನಿಮ್ಮಷ್ಟೇ ಚಿಂತೆಯಿದ್ದಿರಬೇಕು. ಏಕೆಂದರೆ ಹುಡುಗರು ಊರ ಬೀದಿಗಳಲ್ಲೇ ಪಂದ್ಯ ಹೂಡತೊಡಗಿದರು. ಹಾಟ್ ರಾಡ್ ಎಂದರೆ ಪುಂಡರ ಆಟ ಎಂಬ ಹೆಸರು ಬಂತು. ಆಗ ಆ ಹವ್ಯಾಸಿಗಳಲ್ಲೇ ಕೆಲವರು ಒಂದು ಒಳ್ಳೆಯ ಕೆಲಸ ಮಾಡಿದರು. 1951ರಲ್ಲಿ ವಾಲಿ ಪಾರ್ಕ್ಸ್ ಎಂಬವರು ರಾಷ್ಟ್ರೀಯ ಹಾಟ್ ರಾಡ್ ಸಂಘವನ್ನು ಕಟ್ಟಿದರು. ಪಂದ್ಯವನ್ನು ಬೀದಿಯಿಂದ ಬೇರ್ಪಡಿಸಿ ಮುಚ್ಚಿದ ಅಂಗಳಕ್ಕೆ ಒಯ್ಯುವುದು, ಸುರಕ್ಷತೆಯ ನಿಯಮ ಬರೆಯುವುದು, ಪ್ರತಿ ಗಾಡಿಯನ್ನೂ ತಪಾಸಣೆ ಮಾಡುವುದು ಅದರ ಉದ್ದೇಶ. ಹುಡುಗರ ಸುತ್ತಿಗೆಯನ್ನು ಯಾರೂ ಕಸಿದುಕೊಳ್ಳಲಿಲ್ಲ. ಆದರೆ ಸುತ್ತಿಗೆಗೆ ಒಂದು ಜಾಗ, ಒಂದು ಅಳತೆ ತೋರಿಸಿದರು. ನಮ್ಮ ಮನೆಗಳಲ್ಲೂ ಆಗಬೇಕಾದದ್ದು ಇದೇ.

ರೊಟ್ಟಿ ಬಡಿಯುವ ಕೈಗೆ ಅರ್ಥವಾಗುವ ವಿದ್ಯೆ

‘ಇದೆಲ್ಲ ಗಂಡಸರ ಕೆಲಸ, ನಮಗೇನು ತಿಳಿಯುತ್ತದೆ’ ಎನ್ನಬೇಡಿ. ತಗಡಿನ ಕೆಲಸ ನಿಮಗೆ ತಿಳಿದಷ್ಟು ಬೇರೆ ಯಾರಿಗೂ ತಿಳಿಯಲಾರದು!

ರೊಟ್ಟಿ ಬಡಿಯುವಾಗ ನಡುವೆ ಒತ್ತಿದರೆ ನಡು ತೆಳ್ಳಗಾಗಿ ಹಿಟ್ಟು ಹೊರಕ್ಕೆ ಹರಡುತ್ತದೆ. ತಗಡೂ ಹಾಗೆಯೇ. ಮರಳು ತುಂಬಿದ ಚರ್ಮದ ಚೀಲದ ಮೇಲೆ ತಗಡನ್ನಿಟ್ಟು ಮರದ ಸುತ್ತಿಗೆಯಿಂದ ನಡುವೆ ಬಡಿದರೆ ಅಲ್ಲಿ ಲೋಹ ಹಿಗ್ಗಿ ತೆಳ್ಳಗಾಗಿ, ಬಟ್ಟಲಿನಂತೆ ತಗ್ಗಾಗುತ್ತದೆ. ಮಡ್‌ಗಾರ್ಡಿನ ದುಂಡು ಆಕಾರ ಬರುವುದು ಹೀಗೆ. ನಂತರ ಸುತ್ತಿಗೆಯ ಗುರುತುಗಳನ್ನು ಅಳಿಸಬೇಕು. ಒಳಗಡೆ ಡಾಲಿ ಎಂಬ ಕಬ್ಬಿಣದ ಗಟ್ಟಿಯನ್ನು ಒತ್ತಿ ಹಿಡಿದು, ಹೊರಗಿನಿಂದ ನಯವಾದ ಸುತ್ತಿಗೆಯಿಂದ ಹಗುರವಾಗಿ ತಟ್ಟುತ್ತ ಹೋಗುತ್ತಾರೆ. ನಮ್ಮ ಊರಿನ ಡೆಂಟಿಂಗ್ ಮಿಸ್ತ್ರಿಗಳ ಕೈಯಲ್ಲಿ ಈ ಡಾಲಿಯನ್ನು ನೀವು ನೋಡಿರಬಹುದು. ದೊಡ್ಡ ಕಾರ್ಖಾನೆಗಳಲ್ಲಿ ಇದೇ ಆಕಾರವನ್ನು ಅಚ್ಚಿನ ಯಂತ್ರ ಒಂದೇ ಏಟಿಗೆ ಒತ್ತಿಬಿಡುತ್ತದೆ. ಕೈಯಲ್ಲಿ ಮಾಡುವವನು ಅದಕ್ಕಾಗಿ ದಿನಗಟ್ಟಲೆ ಕೂರಬೇಕು.

ಇನ್ನೊಂದು ಮಾತು. ಜೋಳದ ಹಿಟ್ಟನ್ನು ಕುದಿಯುವ ನೀರು ಹಾಕಿ ನಾದದಿದ್ದರೆ ರೊಟ್ಟಿಯ ಅಂಚು ಬಿರಿಯುತ್ತದಲ್ಲವೇ? ತಗಡನ್ನೂ ಬಡಿಯುತ್ತ ಹೋದಂತೆ ಅದು ಬಿರುಸಾಗುತ್ತದೆ. ಆಮೇಲೆ ಬಡಿದರೆ ಬಿರುಕು ಬಿಡುತ್ತದೆ. ಅನುಭವಿ ಮಿಸ್ತ್ರಿ ಆ ಹಂತವನ್ನು ಸದ್ದಿನಿಂದಲೇ ಗುರುತಿಸುತ್ತಾನೆ. ತಗಡನ್ನು ಕೆಂಪಗೆ ಕಾಯಿಸಿ, ನಿಧಾನವಾಗಿ ಆರಲು ಬಿಡುತ್ತಾನೆ. ಅದು ಮತ್ತೆ ಮೆತ್ತಗಾಗುತ್ತದೆ. ನಂತರ ಕೆಲಸ ಮುಂದುವರಿಯುತ್ತದೆ.

ನಿಮಗೆ ಹೊಲಿಗೆ ಬರುತ್ತಿದ್ದರೆ ಇನ್ನೂ ಸುಲಭ. ಬ್ಲೌಸ್ ಕತ್ತರಿಸುವ ಮೊದಲು ಕಾಗದದಲ್ಲಿ ಅಳತೆ ತೆಗೆಯುತ್ತೀರಿ. ತಗಡಿನವನೂ ಮೊದಲು ರಟ್ಟಿನಲ್ಲಿ ಕತ್ತರಿಸಿ, ಗಾಡಿಗೆ ಹಿಡಿದು ನೋಡಿ, ಆಮೇಲೆ ತಗಡಿಗೆ ಕತ್ತರಿ ಹಾಕುತ್ತಾನೆ. ಅಂಚನ್ನು ಕಿರಿದುಮಾಡಲು ನೀವು ನೆರಿಗೆ ಹಿಡಿಯುತ್ತೀರಿ. ಅವನೂ ತಗಡಿನ ಅಂಚಿಗೆ ನೆರಿಗೆ ಹಿಡಿದು, ಆ ನೆರಿಗೆಯನ್ನು ಬಡಿದು ಒಳಕ್ಕೆ ಕೂರಿಸುತ್ತಾನೆ. ನೀವು ಪೂರ್ತಿ ಹೊಲಿಯುವ ಮೊದಲು ಅಲ್ಲಲ್ಲಿ ಟಾಕಾ ಹಾಕುತ್ತೀರಿ. ವೆಲ್ಡಿಂಗ್ ಮಾಡುವವನೂ ಮೊದಲು ಟಾಕಾ ಹಾಕುತ್ತಾನೆ. ಕಾರಿನ ಮೈಯ ತಗಡು ಒಂದು ಮಿಲಿಮೀಟರಿಗಿಂತಲೂ ತೆಳು. ಒಂದೇ ಸಮನೆ ಬೆಂಕಿ ಹಿಡಿದರೆ ಶಾಖಕ್ಕೆ ಸೊಟ್ಟಗಾಗುತ್ತದೆ, ಇಲ್ಲವೇ ತೂತು ಬೀಳುತ್ತದೆ. ಹಾಗಾಗಿ ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ, ನಡುವೆ ಆರಲು ಬಿಡುವು. ತಾಳ್ಮೆಯಿಲ್ಲದವನಿಗೆ ಈ ಕೆಲಸ ಒಲಿಯುವುದಿಲ್ಲ.

ಈಗ ಹೇಳಿ, ದಿನವಿಡೀ ಕೂತು ಇದನ್ನು ಕಲಿಯುವ ಹುಡುಗ ಕಾಲಹರಣ ಮಾಡುತ್ತಿದ್ದಾನೆಯೇ? ಅಳತೆ, ತಾಳ್ಮೆ, ಲೋಹದ ಗುಣ, ಬೆಂಕಿಯ ಗುಣ ಇಷ್ಟನ್ನೂ ಅವನು ಕೈಯಿಂದಲೇ ಕಲಿಯುತ್ತಿದ್ದಾನೆ.

ಮೊದಲು ಕಣ್ಣು, ಆಮೇಲೆ ಗಾಡಿ

ಆದರೆ ಮನೆಯ ಹಿತ್ತಲು ಗ್ಯಾರೇಜಲ್ಲ. ಅಲ್ಲಿ ಪುಟ್ಟ ಮಕ್ಕಳು ಓಡಾಡುತ್ತಾರೆ, ಬಟ್ಟೆ ಒಣಗುತ್ತಿರುತ್ತದೆ, ಮೂಲೆಯಲ್ಲಿ ಗ್ಯಾಸ್ ಸಿಲಿಂಡರ್ ಇರುತ್ತದೆ. ಆದ್ದರಿಂದ ಕೆಲವು ವಿಷಯಗಳಲ್ಲಿ ನೀವು ಕಟ್ಟುನಿಟ್ಟಾಗಿರಲೇಬೇಕು.

ವೆಲ್ಡಿಂಗ್ ಬೆಳಕನ್ನು ಬರಿಗಣ್ಣಿನಿಂದ ನೋಡಬಾರದೆಂದು ಎಲ್ಲರೂ ಹೇಳುತ್ತಾರೆ. ಏಕೆ? ಆ ಬೆಳಕಿನಲ್ಲಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳಿವೆ. ಅವು ಕಣ್ಣಿನ ಹೊರಪದರವನ್ನು ಸುಡುತ್ತವೆ. ಮೋಸವೇನೆಂದರೆ ಆ ಹೊತ್ತಿಗೆ ಏನೂ ಗೊತ್ತಾಗುವುದಿಲ್ಲ. ಕೆಲವು ಗಂಟೆಗಳ ನಂತರ, ಹೆಚ್ಚಾಗಿ ರಾತ್ರಿ ಮಲಗಿದ ಮೇಲೆ, ಕಣ್ಣಿನಲ್ಲಿ ಮರಳು ಹಾಕಿದಂತೆ ನೋವು, ನೀರು, ಉರಿ ಶುರುವಾಗುತ್ತದೆ. ದೂರ ನಿಂತು ನೋಡುತ್ತಿದ್ದ ಪುಟ್ಟ ತಮ್ಮನಿಗೂ ಇದು ಆಗಬಹುದು. ಹೀಗಾದಾಗ ಆಲೂಗಡ್ಡೆಯ ಹೋಳು, ಹಾಲಿನ ಹನಿ, ಈರುಳ್ಳಿಯ ರಸ ಎಂದು ಮನೆಮದ್ದಿಗೆ ಕೈಹಾಕಬೇಡಿ. ಕಣ್ಣು ಉಜ್ಜಲು ಬಿಡಬೇಡಿ. ಕತ್ತಲೆಯ ಕೋಣೆಯಲ್ಲಿ ಮಲಗಿಸಿ, ಮುಚ್ಚಿದ ಕಣ್ಣಿನ ಮೇಲೆ ತಣ್ಣೀರಿನ ಶುದ್ಧ ಬಟ್ಟೆಯಿಡಿ, ಕಣ್ಣಿನ ವೈದ್ಯರಿಗೆ ತೋರಿಸಿ. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ವಾಸಿಯಾಗುತ್ತದೆ. ಬಿಸಿಲಿನ ಕಪ್ಪು ಕನ್ನಡಕ ವೆಲ್ಡಿಂಗಿಗೆ ಸಾಲದು. ಅದಕ್ಕೆಂದೇ ಮಾಡಿದ ಕಪ್ಪು ಗಾಜಿನ ಮುಖವಾಡ ಇಲ್ಲದೆ ಹೋಲ್ಡರ್ ಹಿಡಿಯುವಂತಿಲ್ಲ ಎಂದು ಷರತ್ತು ಹಾಕಿ.

ಎರಡನೆಯದು ಹೊಗೆ. ಛಾವಣಿಗೆ ಹಾಕುವ ಹೊಳೆಯುವ ತಗಡಿಗೆ ಸತುವಿನ ಲೇಪವಿರುತ್ತದೆ. ಅದನ್ನು ವೆಲ್ಡಿಂಗ್ ಮಾಡಿದರೆ ಬಿಳಿ ಹೊಗೆ ಏಳುತ್ತದೆ. ಅದನ್ನು ಉಸಿರಾಡಿದವರಿಗೆ ಕೆಲವು ಗಂಟೆಗಳ ನಂತರ ಚಳಿಜ್ವರ, ಮೈಕೈ ನೋವು, ಬಾಯಿಯಲ್ಲಿ ಲೋಹದ ರುಚಿ ಬರುತ್ತದೆ. ‘ಮಳೆಯಲ್ಲಿ ನೆನೆದ, ಜ್ವರ ಬಂತು’ ಎಂದು ನಾವು ಅಂದುಕೊಳ್ಳುತ್ತೇವೆ! ವೈದ್ಯರ ಬಳಿ ಹೋದಾಗ ಅವನು ಯಾವ ಕೆಲಸ ಮಾಡಿದ್ದ ಎಂಬುದನ್ನೂ ಹೇಳಿ. ಇಂತಹ ಕೆಲಸವನ್ನು ಮುಚ್ಚಿದ ಕೋಣೆಯಲ್ಲಿ ಎಂದಿಗೂ ಮಾಡಿಸಬೇಡಿ.

ಮೂರನೆಯದು ಎಲ್ಲಕ್ಕಿಂತ ಅಪಾಯಕಾರಿ. ಹಳೆಯ ಪೆಟ್ರೋಲ್ ಟ್ಯಾಂಕು, ಡೀಸೆಲ್ ಡ್ರಮ್ಮು. ‘ಖಾಲಿ ಇದೆ’ ಎಂದು ಹುಡುಗರು ಅದಕ್ಕೆ ಬೆಂಕಿ ತಾಗಿಸಲು ಹೋಗುತ್ತಾರೆ. ಖಾಲಿ ಟ್ಯಾಂಕಿನಲ್ಲಿ ಎಣ್ಣೆಯಿಲ್ಲದಿದ್ದರೂ ಎಣ್ಣೆಯ ಆವಿ ತುಂಬಿರುತ್ತದೆ. ಗಾಳಿಯೊಂದಿಗೆ ಬೆರೆತ ಆ ಆವಿ ಒಂದು ಕಿಡಿಗೆ ಬಾಂಬಿನಂತೆ ಸಿಡಿಯುತ್ತದೆ. ಮನೆಯಲ್ಲಿ ಟ್ಯಾಂಕು, ಡ್ರಮ್ಮುಗಳ ವೆಲ್ಡಿಂಗ್ ಬೇಡವೇ ಬೇಡ.

ಇನ್ನು ತಗಡು ಕತ್ತರಿಸುವ ಗ್ರೈಂಡರ್. ಅದರ ಚಕ್ರ ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಚಕ್ರ ಒಡೆದು ಹಾರಿದರೆ ತಡೆಯುವುದು ಅದರ ಕಬ್ಬಿಣದ ಮರೆ ಮಾತ್ರ. ಕೆಲಸಕ್ಕೆ ಅಡ್ಡಿಯೆಂದು ಹುಡುಗರು ಮೊದಲು ಕಿತ್ತೆಸೆಯುವುದೂ ಅದನ್ನೇ! ಸಡಿಲ ಕುರ್ತಾ, ಲುಂಗಿ, ಕುತ್ತಿಗೆಯ ಟವೆಲ್ ತೊಟ್ಟು ಅದರ ಹತ್ತಿರ ಹೋಗಬಾರದು. ನೋಡಲು ಹೋಗುವ ನಿಮ್ಮ ದುಪಟ್ಟಾಕ್ಕೂ ಇದೇ ಮಾತು. ನೈಲಾನ್, ಪಾಲಿಯೆಸ್ಟರ್ ಬಟ್ಟೆ ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ದಪ್ಪ ಹತ್ತಿಯ ಅಂಗಿ, ಬೂಟು, ಕನ್ನಡಕ ಇರಲಿ. ಮಳೆಯಲ್ಲಿ, ಒದ್ದೆ ನೆಲದಲ್ಲಿ ವೆಲ್ಡಿಂಗ್ ಮಷಿನ್ ಚಾಲೂ ಮಾಡಲು ಬಿಡಬೇಡಿ. ಮನೆಯ ಸಾಧಾರಣ ವೈರಿಂಗ್ ಅಷ್ಟು ಭಾರ ತಡೆಯುತ್ತದೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ಮೊದಲೇ ತೋರಿಸಿ.

ಕಾನೂನು ಏನು ಹೇಳುತ್ತದೆ?

‘ನಾನೇ ಮಾಡಿದ ಗಾಡಿ, ನನ್ನದೇ ದುಡ್ಡು, ಓಡಿಸಿದರೆ ಯಾರಿಗೇನು?’ ಎಂದು ಮಗ ಕೇಳಬಹುದು. ಉತ್ತರ ನಿಮಗೆ ಗೊತ್ತಿರಲಿ.

ರಸ್ತೆಗೆ ಬರುವ ಪ್ರತಿ ವಾಹನಕ್ಕೂ ನೋಂದಣಿ ಬೇಕು. ನೋಂದಣಿ ಆಗಬೇಕಾದರೆ ಆ ಮಾದರಿಯ ವಾಹನ ಪುಣೆಯ ಎ.ಆರ್.ಎ.ಐ.ನಂತಹ ಸಂಸ್ಥೆಯಲ್ಲಿ ಪರೀಕ್ಷೆಯಾಗಿ ಪಾಸಾಗಿರಬೇಕು. ಹಿತ್ತಲಲ್ಲಿ ಮಾಡಿದ ಒಂದೇ ಒಂದು ಗಾಡಿಗೆ ಆ ದಾರಿ ಬಹಳ ದೂರದ್ದು, ದುಬಾರಿಯದು. ಹಾಗಾದರೆ ಈಗಾಗಲೇ ನೋಂದಣಿಯಾದ ಹಳೆಯ ಜೀಪನ್ನು ಕೊಂಡು ರೂಪ ಬದಲಿಸಿದರೆ? ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ನಂತರ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಮಾಲಿಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡನ್ನೂ ವಿಧಿಸಬಹುದು.

ಮಗನಿಗೆ 18 ತುಂಬಿಲ್ಲವೇ? ಹಾಗಾದರೆ ಈ ಮಾತು ನೇರವಾಗಿ ತಂದೆತಾಯಿಗೇ ಅನ್ವಯಿಸುತ್ತದೆ. ಅಪ್ರಾಪ್ತ ವಯಸ್ಸಿನವರು ವಾಹನ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ವಾಹನದ ಮಾಲಿಕರಿಗೆ ಮೂರು ವರ್ಷಗಳವರೆಗೆ ಜೈಲು, 25,000 ರೂಪಾಯಿ ದಂಡ. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಗ್ಯಾರೇಜಿನ ಕೆಲಸವನ್ನೇ ಬದುಕಾಗಿಸಿಕೊಳ್ಳಬೇಕಾದ ಹುಡುಗನಿಗೆ ಲೈಸೆನ್ಸ್ ಇಲ್ಲವೆಂದರೆ ಏನು ಗತಿ, ಯೋಚಿಸಿ.

ಕಾನೂನು ಬಡವನ ಶತ್ರುವೇನಲ್ಲ. ಗಾಡಿಯ ವೇಗ 20ರಿಂದ 40 ಕಿಲೋಮೀಟರಿಗೆ ಏರಿದರೆ ಅದನ್ನು ನಿಲ್ಲಿಸಲು ಬ್ರೇಕು ತಡೆಯಬೇಕಾದ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಗಾಡಿಯನ್ನು ಓಡಿಸುವುದು ಸುಲಭ, ನಿಲ್ಲಿಸುವುದು ಕಷ್ಟ. ವೆಲ್ಡಿಂಗ್ ಮೇಲ್ನೋಟಕ್ಕೆ ಚೆನ್ನಾಗಿ ಕಂಡರೂ ಒಳಗೆ ಕೂಡಿರದಿದ್ದರೆ, ಸ್ಟೇರಿಂಗ್ ರಾಡ್ ತಿರುವಿನಲ್ಲೇ ಕಳಚಿಕೊಂಡರೆ, ಪೆಟ್ಟು ಬೀಳುವುದು ಓಡಿಸುವವನಿಗೆ ಮಾತ್ರವಲ್ಲ. ಎದುರಿಗೆ ಶಾಲೆಯಿಂದ ಬರುತ್ತಿರುವುದು ನಿಮ್ಮ ಮಗಳೇ ಆಗಿರಬಹುದು.

ನಮ್ಮ ರಸ್ತೆಯ ‘ಹಾಟ್ ರಾಡ್’

ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಹುಟ್ಟಿ ರಸ್ತೆಗೆ ಬರುವ ವಾಹನ ನಮ್ಮಲ್ಲೂ ಒಂದಿದೆ. ಅದು ಟ್ರ್ಯಾಕ್ಟರಿನ ಟ್ರೇಲರ್. ಭೀಮಾ, ಕೃಷ್ಣಾ ನದಿಗಳ ನೀರು ಹರಿದ ಕಡೆಯೆಲ್ಲ ಕಬ್ಬು ಬೆಳೆಯುತ್ತದೆ. ಕಾರ್ಖಾನೆಗಳು ನುರಿಸಲು ಶುರುಮಾಡಿದರೆ ಚಳಿಗಾಲದ ರಾತ್ರಿಗಳಲ್ಲಿ ಕಬ್ಬು ತುಂಬಿದ ಟ್ರೇಲರ್‌ಗಳು ಒಂದರ ಹಿಂದೊಂದು ಸಾಗುತ್ತವೆ. ಕೆಲವಕ್ಕೆ ಹಿಂದೆ ದೀಪವಿಲ್ಲ, ಕೆಂಪು ಪಟ್ಟಿಯಿಲ್ಲ, ಟ್ರೇಲರಿಗೆ ಸ್ವಂತ ಬ್ರೇಕೂ ಇಲ್ಲ. ರಸ್ತೆಬದಿಯಲ್ಲಿ ಕೆಟ್ಟು ನಿಂತ ಟ್ರೇಲರ್ ಕತ್ತಲೆಯಲ್ಲಿ ಬೈಕಿನವನಿಗೆ ಕಾಣುವುದು ಹತ್ತಿರ ಬಂದ ಮೇಲೆಯೇ.

ನಿಮ್ಮ ಮನೆಯಲ್ಲಿ ಟ್ರ್ಯಾಕ್ಟರ್ ಇದ್ದರೆ ಇವತ್ತೇ ಟ್ರೇಲರಿನ ಹಿಂಭಾಗ ನೋಡಿ. ಟ್ರ್ಯಾಕ್ಟರಿನಂತೆ ಟ್ರೇಲರಿಗೂ ಪ್ರತ್ಯೇಕ ನೋಂದಣಿ ಬೇಕು. ಹೊಳೆಯುವ ಕೆಂಪು ರಿಫ್ಲೆಕ್ಟರ್ ಪಟ್ಟಿಗೆ ತಗಲುವ ಖರ್ಚು ಅತಿ ಕಡಿಮೆ. ನಿಮ್ಮ ಮಗ ಅಥವಾ ತಮ್ಮ ವೆಲ್ಡಿಂಗ್ ಅಂಗಡಿ ನಡೆಸುತ್ತಿದ್ದರೆ ಅವನಿಗೂ ಹೇಳಿ, ‘ನಿನ್ನ ಅಂಗಡಿಯಿಂದ ಹೊರಬೀಳುವ ಯಾವ ಟ್ರೇಲರೂ ಹಿಂದಿನ ದೀಪವಿಲ್ಲದೆ ಹೋಗಬಾರದು.’ ಪೇಂಟು ಮತ್ತು ಹೂವಿನ ಚಿತ್ರಕ್ಕಿಂತ ಮುಖ್ಯವಾದ ಅಲಂಕಾರ ಅದು. ಒಳ್ಳೆಯ ಕೈಕೆಲಸ ಎಂದರೆ ನೋಡಲು ಅಂದವಿದ್ದರೆ ಸಾಲದು, ಇನ್ನೊಬ್ಬರ ಜೀವ ಉಳಿಸುವಂತಿರಬೇಕು. ಕಬ್ಬಿಣದ ಕೊಂಡಿಗಳಿಂದ ಕವಚ ನೇಯುತ್ತಿದ್ದ ಪ್ರವಾದಿ ದಾವೂದ್(ಅ)ರ ಪ್ರಸ್ತಾಪ ಬರುವಲ್ಲಿಯೂ ಕೊಂಡಿಗಳ ಅಳತೆ ಸರಿಯಾಗಿರಬೇಕೆಂಬ ಸೂಚನೆ ಇರುವುದು ನಿಮಗೆ ನೆನಪಿರಬಹುದು.

ಸುತ್ತಿಗೆಗೆ ದಾರಿ ತೋರಿಸಿ

ಹಾಗಾದರೆ ಮಗನ ಕನಸಿನ ಗಾಡಿಯನ್ನು ಗುಜರಿಗೆ ಹಾಕಬೇಕೇ? ಖಂಡಿತ ಬೇಡ. ಮಾಡಲಿ, ಆದರೆ ಓಡಿಸುವ ವಾಹನವೆಂದಲ್ಲ, ತನ್ನ ಕೆಲಸದ ಮಾದರಿಯೆಂದು ಮಾಡಲಿ. ಶಾಲೆ, ಕಾಲೇಜಿನ ವಸ್ತುಪ್ರದರ್ಶನದಲ್ಲಿ ಇಡಲಿ. ಹೈದರಾಬಾದಿಗೆ ಹೋದಾಗ ಮೃಗಾಲಯದ ಹತ್ತಿರದ ಸುಧಾ ಕಾರ್ಸ್ ಮ್ಯೂಸಿಯಂಗೆ ಅವನನ್ನು ಕರೆದೊಯ್ಯಿರಿ. ಸುಧಾಕರ್ ಯಾದವ್ ಎಂಬವರು ಬೂಟು, ಹ್ಯಾಂಡ್‌ಬ್ಯಾಗ್, ಬರ್ಗರ್ ಆಕಾರದ ಕಾರುಗಳನ್ನು ಕೈಯಿಂದಲೇ ಮಾಡಿ 2010ರಿಂದ ಅಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದಾರೆ. ಶಾಲಾ ದಿನಗಳಲ್ಲಿ ಗುಜರಿ ಸಾಮಾನಿನಿಂದ ಶುರುವಾದ ಹವ್ಯಾಸ ಅವರದು. 2005ರಲ್ಲಿ ಅವರು ಮಾಡಿದ ಭಾರೀ ಮೂರುಗಾಲಿ ಸೈಕಲ್ ಗಿನ್ನೆಸ್ ದಾಖಲೆಗೆ ಸೇರಿದೆ.

ಎರಡನೆಯದಾಗಿ, ಕೈಯಲ್ಲಿರುವ ವಿದ್ಯೆಗೆ ಒಂದು ಕಾಗದ ಮಾಡಿಸಿ. ಐ.ಟಿ.ಐ.ಯಲ್ಲಿ ವೆಲ್ಡರ್ ತರಬೇತಿ ಒಂದು ವರ್ಷದ್ದು. ಎಂಟನೇ ತರಗತಿ ಪಾಸಾದವರೂ ಸೇರಬಹುದು. ತಗಡಿನ ಕೆಲಸಕ್ಕೆಂದೇ ಶೀಟ್ ಮೆಟಲ್ ವರ್ಕರ್ ಎಂಬ ತರಬೇತಿಯೂ ಇದೆ. ಎಸ್ಸೆಸ್ಸೆಲ್ಸಿ ಆದವರಿಗೆ ಎರಡು ವರ್ಷದ ಮೋಟಾರು ಮೆಕ್ಯಾನಿಕ್ ತರಬೇತಿ ಇದೆ. ಹೆಣ್ಣುಮಕ್ಕಳಿಗೂ ಈ ಬಾಗಿಲು ತೆರೆದೇ ಇದೆ ಎಂಬುದನ್ನು ಮರೆಯಬೇಡಿ. ಇಪ್ಪತ್ತು ವರ್ಷ ಗ್ಯಾರೇಜಿನಲ್ಲಿ ದುಡಿದ ಮಿಸ್ತ್ರಿಗೆ ಕಾಗದವಿಲ್ಲದೆ ದಿನಗೂಲಿ ಸಿಗುತ್ತದೆ. ಪ್ರಮಾಣಪತ್ರ ಇರುವವನಿಗೆ ಕಾರ್ಖಾನೆಯ ನೌಕರಿಯ ಬಾಗಿಲು ತೆರೆಯುತ್ತದೆ. ಕೊಲ್ಲಿ ರಾಷ್ಟ್ರಗಳಿಗೆ ಹೋಗಲು ಬಯಸುವ ಹುಡುಗರಿಗಂತೂ ಅದು ಬಹಳ ಉಪಯುಕ್ತ.

ಕಮ್ಮಾರಿಕೆಯೇ ಮನೆತನದ ಕಸುಬಾಗಿದ್ದರೆ 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ ಬಗ್ಗೆ ಕೇಳಿ ತಿಳಿಯಿರಿ. ಹದಿನೆಂಟು ಕಸುಬುಗಳ ಪಟ್ಟಿಯಲ್ಲಿ ಕಮ್ಮಾರಿಕೆ, ಬೀಗ ತಯಾರಿಕೆ, ಸುತ್ತಿಗೆ ಮುಂತಾದ ಸಲಕರಣೆಗಳ ತಯಾರಿಕೆ ಸೇರಿವೆ. ಪ್ರಮಾಣಪತ್ರ, ತರಬೇತಿಯ ದಿನಗಳಿಗೆ 500 ರೂಪಾಯಿಯಂತೆ ಭತ್ಯೆ, ಸಲಕರಣೆಗೆ 15,000 ರೂಪಾಯಿ ನೆರವು ಅದರಲ್ಲಿದೆ. 18 ವರ್ಷ ತುಂಬಿರಬೇಕು, ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ ಅವಕಾಶ. ಯೋಜನೆಯಲ್ಲಿ ಶೇ. 5ರ ಬಡ್ಡಿಯ ಸಾಲವೂ ಇದೆ. ಬಡ್ಡಿಯ ಸಾಲ ಬೇಡವೆನ್ನುವ ಮನೆಗಳು ಅದನ್ನು ತೆಗೆದುಕೊಳ್ಳಲೇಬೇಕೆಂದಿಲ್ಲ.

ಓದಿನಲ್ಲೂ ಚುರುಕಾದ ಹುಡುಗನಿದ್ದರೆ ಡಿಪ್ಲೊಮಾ, ಎಂಜಿನಿಯರಿಂಗ್ ಕಡೆಗೆ ತಿರುಗಿಸಿ. ಗಾಡಿ ಕಟ್ಟುವ ಕನಸು ಅಲ್ಲಿ ಸಾಯುವುದಿಲ್ಲ, ಬಲಿಯುತ್ತದೆ. ಬಾಹಾ ಎಂಬ ಸ್ಪರ್ಧೆ ಭಾರತದಲ್ಲಿ 2007ರಿಂದ ನಡೆಯುತ್ತಿದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳೇ ಪೈಪು ಬಗ್ಗಿಸಿ, ವೆಲ್ಡಿಂಗ್ ಮಾಡಿ, ಗುಡ್ಡ ಹಳ್ಳ ಹತ್ತಿಳಿಯುವ ಒಂಟಿ ಸೀಟಿನ ವಾಹನ ಕಟ್ಟುತ್ತಾರೆ. ಓಟಕ್ಕೆ ಬಿಡುವ ಮೊದಲು ಕಟ್ಟುನಿಟ್ಟಾದ ತಪಾಸಣೆ. ಬ್ರೇಕು ಒತ್ತಿದಾಗ ನಾಲ್ಕೂ ಗಾಲಿಗಳು ಒಟ್ಟಿಗೆ ನಿಲ್ಲಬೇಕು, ಚಾಲಕ ಐದು ಸೆಕೆಂಡುಗಳೊಳಗೆ ಹೊರಬರುವಂತಿರಬೇಕು. ಇಲ್ಲವಾದರೆ ಗಾಡಿ ಎಷ್ಟೇ ಚೆಂದವಿದ್ದರೂ ಅಂಗಳಕ್ಕೆ ಇಳಿಯುವಂತಿಲ್ಲ.

ಕೈಕೆಲಸದಿಂದ ನೆರೆಹೊರೆಗೆ ಉಪಕಾರ ಮಾಡುವ ದಾರಿಯೂ ಇದೆ. ಕಾಲಿನ ಊನವಿರುವವರ ಸ್ಕೂಟರಿಗೆ ಬದಿಗಾಲಿ ಜೋಡಿಸುವುದನ್ನು ಕಾನೂನು ಮಾನ್ಯ ಮಾಡುತ್ತದೆ. ಅದಕ್ಕೆ ಆರ್.ಟಿ.ಓ. ಕಚೇರಿಯ ಅನುಮೋದನೆ ಪಡೆದು, ನೋಂದಣಿ ಪತ್ರದಲ್ಲಿ ನಮೂದಿಸಬೇಕು, ಅಷ್ಟೆ. ಮನೆಯಿಂದ ಹೊರಬರಲಾರದೆ ಕೂತ ಒಬ್ಬರನ್ನು ಮತ್ತೆ ಪೇಟೆಗೆ ತರುವ ಆ ಎರಡು ಗಾಲಿಗಳು ಯಾವ ಹಾಟ್ ರಾಡ್‌ಗಿಂತ ಕಡಿಮೆ?

ಹೆಸರು ಉಳಿಯಲಿ

ವಿಜಯಪುರದ ಶರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ಫಿರಂಗಿಯನ್ನು ನೀವೆಲ್ಲ ನೋಡಿರುತ್ತೀರಿ. ಮಕ್ಕಳು ಅದರ ಬಾಯಿಯ ಸಿಂಹದ ಮುಖಕ್ಕೆ ಕೈಹಾಕಿ ಫೋಟೊ ತೆಗೆಸಿಕೊಳ್ಳುತ್ತಾರೆ. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಅದನ್ನು ಮಾಡಿಸಿದ ಸುಲ್ತಾನರ ಹೆಸರು ಅದರ ಮೇಲಿದೆ. ಅದನ್ನು ಎರಕ ಹೊಯ್ದ ರೂಮಿ ಎಂಬ ಕುಶಲಕರ್ಮಿಯ ಹೆಸರೂ ಅಲ್ಲೇ ಕೆತ್ತಲ್ಪಟ್ಟಿದೆ. ನಾಲ್ಕೂವರೆ ಶತಮಾನಗಳ ನಂತರವೂ ಒಬ್ಬ ಕೆಲಸಗಾರನ ಹೆಸರು ಉಳಿದಿದೆ.

ನಮ್ಮ ಗ್ಯಾರೇಜುಗಳಲ್ಲಿ ದುಡಿಯುವ ಹುಡುಗರ ಹೆಸರು ಎಲ್ಲಿಯೂ ಬರೆದಿರುವುದಿಲ್ಲ. ‘ಏ ಹುಡುಗಾ, ಪಾನಾ ಕೊಡು’ ಎಂಬಲ್ಲಿಗೆ ಅವರ ಗುರುತು ಮುಗಿಯುತ್ತದೆ. ಅದನ್ನು ಬದಲಿಸುವ ಕೆಲಸ ಮನೆಯಿಂದಲೇ ಶುರುವಾಗಲಿ.

ನಾಳೆ ಹಿತ್ತಲಿನಿಂದ ಮತ್ತೆ ಟಣ್ ಟಣ್ ಸದ್ದು ಕೇಳಿದರೆ ಗದರುವ ಮೊದಲು ಒಮ್ಮೆ ಹೊರಗೆ ಹೋಗಿ ನೋಡಿ. ಕಣ್ಣಿಗೆ ಕನ್ನಡಕವಿದೆಯೇ, ಗ್ರೈಂಡರಿಗೆ ಮರೆಯಿದೆಯೇ, ಪುಟ್ಟ ಮಕ್ಕಳು ದೂರವಿದ್ದಾರೆಯೇ ಎಂದು ನೋಡಿ. ಆಮೇಲೆ ಅವನ ಪಕ್ಕ ಕುಳಿತು ಕೇಳಿ, “ಈ ಅಂಚು ಯಾಕೆ ಬಿರಿಯಿತು?” ರೊಟ್ಟಿ ಬಡಿದ ಕೈ ಕೇಳುವ ಆ ಪ್ರಶ್ನೆಗೆ ಅವನು ಖಂಡಿತ ತಲೆಯೆತ್ತಿ ನೋಡುತ್ತಾನೆ. ಐ.ಟಿ.ಐ. ಅರ್ಜಿಯ ಮಾತನ್ನು ಆಗ ತೆಗೆಯಿರಿ.